ಒಗೆದು ಕೊಟ್ಟ ಪಟ್ಟಿ

ಕಾಕಿ ಹಣ್ಣು ಸುಲಿಯುವ ಕೆಲಸ ಆ ವರ್ಷವೂ ನೊಬುಯೊಳ ತಲೆಗೇ ಬಂತು. ಬರದೆ ಇನ್ನೆಲ್ಲಿಗೆ ಹೋದೀತು? ಅತ್ತೆ ಯೋನೆಗೆ ಎಂಬತ್ತಾರು ದಾಟಿತ್ತು, ಸೊಂಟ ಬಗ್ಗಿ ನೆಲ ನೋಡಿಕೊಂಡೇ ನಡೆಯುವವಳು. ಗಂಡ ಕೆನ್ಸಾಕು ಆಯುಷ್ಯವಿಡೀ ಕಣಿವೆಯ ಬಸ್ಸು ಓಡಿಸಿ ನಿವೃತ್ತನಾದವನು. ಬೆಳಗ್ಗೆ ಅನ್ನ, ಮಿಸೊ ಸಾರು ಮುಗಿಸಿ ಮಹಡಿ ಹತ್ತಿದನೆಂದರೆ ಮಧ್ಯಾಹ್ನ ಕೂಗಿದ ಮೇಲೇ ಇಳಿಯುತ್ತಿದ್ದ. ಹೀಗಾಗಿ ಬುಟ್ಟಿಗಳ ಮಧ್ಯೆ ಕೂತು ಸಿಪ್ಪೆ ಹೆರೆದು, ತೊಟ್ಟಿಗೆ ದಾರ ಕಟ್ಟಿ, ಸೂರಿನ ಕೆಳಗೆ ಸಾಲಾಗಿ ಒಣಗಲು ಇಳಿಬಿಡುವುದು ಅವಳೊಬ್ಬಳ ಪಾಲು. ಒಗರು ರಸಕ್ಕೆ ಬೆರಳುಗಳೆಲ್ಲ ಕಪ್ಪಾಗುತ್ತಿದ್ದವು. ಹೊಸ ವರ್ಷ ಬಂದರೂ ಆ ಕಪ್ಪು ಹೋಗುತ್ತಿರಲಿಲ್ಲ.

ಮಹಡಿಯಲ್ಲಿ ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಕೋಣೆಯೊಂದಿತ್ತು. ಈಗ ಅದು ಕೆನ್ಸಾಕುವಿನ ಯುದ್ಧದ ಸಾಮಾನಿನ ಕೋಣೆ. ತುಕ್ಕು ಹಿಡಿದ ಶಿರಸ್ತ್ರಾಣಗಳು, ತೂತು ಬಿದ್ದ ನೀರಿನ ಡಬ್ಬಿಗಳು, ಟೋಪಿಗಳು, ಊರಿನವರೆಲ್ಲ ಹರಸಿ ಹೆಸರು ಬರೆದುಕೊಟ್ಟ ಬಾವುಟಗಳು. ಎಲ್ಲ ಯೋನೆಯ ಹರೆಯದ ಕಾಲದ ಯುದ್ಧದಲ್ಲಿ ಸತ್ತ ಸಿಪಾಯಿಗಳವು. ಗೆದ್ದವರು ನೆನಪಿಗೆಂದು ಹೆಣದ ಮೈಯಿಂದ ಕಳಚಿಕೊಂಡು ಹೋದದ್ದನ್ನು ಅವರ ಮೊಮ್ಮಕ್ಕಳು ಈಗ ಮಾರುತ್ತಿದ್ದರು. ಅದನ್ನು ಹರಾಜಿನಲ್ಲಿ ಕೂಗಿ ಸಮುದ್ರದಾಚೆಯಿಂದ ತರಿಸಿಕೊಳ್ಳುವುದು ಕೆನ್ಸಾಕುವಿನ ಚಟ. ಅವನು ಅದನ್ನು ಚಟ ಎನ್ನುತ್ತಿರಲಿಲ್ಲ. ಪರದೇಶದಲ್ಲಿ ಅನಾಥರಾಗಿ ಬಿದ್ದವರನ್ನು ತಾಯ್ನಾಡಿಗೆ ಕರೆತರುತ್ತಿದ್ದೇನೆ ಎನ್ನುತ್ತಿದ್ದ. ಒಂದನ್ನೂ ಮಾರಿದವನಲ್ಲ, ಅದು ನಿಜ. ನೊಬುಯೊಗೆ ಮಾತ್ರ ಹಾಸಿಗೆ ಹರಡಿ ಒಣಗಿಸಲೂ ಜಾಗವಿಲ್ಲದಂತಾಗಿತ್ತು. ಯೋನೆಯಂತೂ ಮಗ ಮೊದಲ ಶಿರಸ್ತ್ರಾಣ ತಂದ ದಿನದಿಂದ ಆ ಮೆಟ್ಟಿಲು ತುಳಿದಿರಲಿಲ್ಲ.

ಅಲ್ಲಿದ್ದದ್ದರಲ್ಲೆಲ್ಲ ಕೆನ್ಸಾಕುವಿಗೆ ಜೀವವೆಂದರೆ ಒಂದು ಸೊಂಟದ ಪಟ್ಟಿ. ಯಾವುದೇ ಮನೆಯ ಮಗ ಯುದ್ಧಕ್ಕೆ ಹೊರಟಾಗ ಆ ಮನೆಯ ಹೆಂಗಸರು ಬಿಳಿ ಬಟ್ಟೆ ಹಿಡಿದು ಬೀದಿಯಲ್ಲಿ ನಿಂತು, ಹೋಗಿ ಬರುವ ಹೆಂಗಸರ ಕೈಯಲ್ಲಿ ಒಂದೊಂದು ಕೆಂಪು ದಾರದ ಗಂಟು ಹಾಕಿಸುತ್ತಿದ್ದ ಕಾಲದ್ದು. ಸಾವಿರ ಗಂಟು ತುಂಬಿದರೆ ಗುಂಡು ತಾಗುವುದಿಲ್ಲವೆಂಬ ನಂಬಿಕೆ. ಈ ಪಟ್ಟಿಯ ಮೂಲೆಯಲ್ಲಿ ‘ಓಗುಚಿ ಗ್ರಾಮ, ಹಾಝಾಮಾ ಇಸಾಮು’ ಎಂದು ಮಸಿಯಲ್ಲಿ ಬರೆದಿತ್ತು. ಬಟ್ಟೆಯ ತುಂಬ ಬೆವರಿನ ಕಂದು ಕಲೆ. ಹದಿನಾಲ್ಕು ವರ್ಷದಿಂದ ಅದು ಗಾಜಿನ ಪೆಟ್ಟಿಗೆಯಲ್ಲಿತ್ತು.

ನವೆಂಬರಿನ ಒಂದು ಭಾನುವಾರ ಮಗಳು ಮಿಹೊ ಹಣ್ಣು ಸುಲಿಯಲು ನೆರವಿಗೆ ಬಂದಳು. ಮಿಹೊ ಊರಾಚೆಯ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕಿದ್ದವಳು. ಹಗಲು ಹೊತ್ತು ಬಂದು ಹೋಗುವ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ಊಟ ಹಾಕಿ, ಅವರ ಮಾತು ಕೇಳಿ ಕೇಳಿ ಮನೆಗೆ ಬರುವಾಗ ತಾನೇ ಮುದುಕಿಯಾಗಿರುತ್ತಿದ್ದಳು. ಆ ದಿನ ಊಟಕ್ಕೆ ಕೂತಾಗ, ಓಗುಚಿಯಿಂದ ತೊಮಿ ಎಂಬ ಅಜ್ಜಿಯೊಬ್ಬಳು ಹೊಸದಾಗಿ ಬರುತ್ತಿದ್ದಾಳೆಂದೂ, ಬೆನ್ನು ತಿಕ್ಕುವಾಗಲೆಲ್ಲ ಯುದ್ಧಕ್ಕೆ ಹೋಗಿ ಬಾರದ ಅಣ್ಣನ ಸುದ್ದಿ ತೆಗೆಯುತ್ತಾಳೆಂದೂ ಹೇಳಿದಳು.

“ಅಣ್ಣನ ಹೆಸರು ಹಾಝಾಮಾ ಇಸಾಮು ಅಂತೆ ಅಪ್ಪ” ಎಂದಳು.

ಕೆನ್ಸಾಕು ಉಪ್ಪಿನ ಮೂಲಂಗಿ ಕಚ್ಚುತ್ತಿದ್ದವನು ಕಚ್ಚುತ್ತಲೇ ಇದ್ದ. “ಆ ಹೆಸರಿನವರು ಎಷ್ಟೋ ಜನ ಇರ್ತಾರೆ” ಎಂದ.

“ಓಗುಚೀಲಿ ಎಷ್ಟು ಜನ ಇರ್ತಾರೆ? ಇರೋದೇ ನಲವತ್ತು ಮನೆ.”

“ಊಟದ ಹೊತ್ತಲ್ಲಿ ಅದೆಲ್ಲ ಯಾಕೆ.”

“ನಾನು ಚಿಕ್ಕವಳಿದ್ದಾಗಿಂದ ಊಟದ ಹೊತ್ತಲ್ಲೇ ಅಲ್ವಾ ನೀವು ಯುದ್ಧದ ಕತೆ ಹೇಳ್ತಿದ್ದದ್ದು?” ಎಂದಳು ಮಿಹೊ. ಕೆನ್ಸಾಕು ಬಟ್ಟಲು ಕೆಳಗಿಟ್ಟು ಎದ್ದು ಮಹಡಿ ಹತ್ತಿದ. ಯೋನೆ ಯಾರ ಮುಖವನ್ನೂ ನೋಡದೆ ಚಹಾ ಊದಿಕೊಂಡು ಕುಡಿದಳು.

ಪಟ್ಟಿಯನ್ನು ತೊಮಿಗೆ ಕೊಟ್ಟು ಬನ್ನಿ ಎಂದು ನೊಬುಯೊ ಅಂದಿನಿಂದಲೇ ಶುರು ಮಾಡಿದಳು. ಮೊದಲ ವಾರ ಕೆನ್ಸಾಕು ಹಣ್ಣಿನ ಕೆಲಸ ಮುಗಿಯಲಿ ಎಂದ, ತಾನು ಒಂದು ಹಣ್ಣನ್ನೂ ಮುಟ್ಟದವನು. ಎರಡನೆಯ ವಾರ ಚಳಿ ಎಂದ. ಮತ್ತೆ ಕೇಳಿದಾಗ ಆ ಮುದುಕಿಗೆ ಇದೆಲ್ಲ ಬೇಕೋ ಬೇಡವೋ, ಈ ವಯಸ್ಸಿನಲ್ಲಿ ಎದೆ ಒಡೆದುಕೊಂಡರೆ ಯಾರು ಹೊಣೆ ಎಂದ. ನೊಬುಯೊ ಬಿಡಲಿಲ್ಲ. ಅವಳಿಗೆ ಸತ್ತವನ ಪರಿಚಯವಿರಲಿಲ್ಲ, ತೊಮಿಯ ಪರಿಚಯವೂ ಇರಲಿಲ್ಲ. ಆದರೆ ಎಂಬತ್ತೆರಡು ವರ್ಷದ ಜೀವ ಅರ್ಧ ಗಂಟೆ ದಾರಿಯಲ್ಲಿ ಅಣ್ಣನನ್ನು ನೆನೆಸಿ ಕೊರಗುತ್ತಿರುವಾಗ, ಅವನ ಸೊಂಟದ ಬಟ್ಟೆ ತನ್ನ ಮನೆಯ ಮಹಡಿಯಲ್ಲಿದೆ ಎನ್ನುವುದು ಅವಳಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಗಿತ್ತು. ಆ ಮುದುಕಿ ಹೋಗಿಬಿಟ್ಟರೆ ಆಮೇಲೆ ಯಾರಿಗೆ ಕೊಡುವುದು?

“ಸಮುದ್ರ ದಾಟಿಸಿ ತಂದ್ರಿ. ಇನ್ನು ಕಣಿವೆ ದಾಟಿಸೋಕೆ ಏನ್ರೀ ಕಷ್ಟ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

“ನಿನಗೆ ಗೊತ್ತಿಲ್ಲ. ಆ ನೀರಿನ ಡಬ್ಬಿ ಏನಾಯ್ತು, ಮರೆತ್ಯಾ?”

ನೊಬುಯೊ ಮರೆತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕೆನ್ಸಾಕು ಒಂದು ನೀರಿನ ಡಬ್ಬಿಯ ವಾರಸುದಾರರನ್ನು ಹುಡುಕಿ, ದೂರದ ಊರಿಗೆ ಹೋಗಿ ಕೊಟ್ಟು ಬಂದಿದ್ದ. ಸತ್ತವನ ಮೊಮ್ಮಗ ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ತೆಗೆದುಕೊಂಡಿದ್ದ. ತಿಂಗಳು ಕಳೆಯುವುದರಲ್ಲಿ ಅದೇ ಡಬ್ಬಿ ಮಾರಾಟಕ್ಕೆ ಬಂದಿತ್ತು. ಕೆನ್ಸಾಕು ಬಾಯಿ ಮುಚ್ಚಿಕೊಂಡು ಅದನ್ನು ಮತ್ತೆ ಕೊಂಡು ತಂದು ಅದೇ ಮೊಳೆಗೆ ತೂಗುಹಾಕಿದ್ದ. ಆ ದಿನ ಅವನು ಅತ್ತಿದ್ದನ್ನು ನೊಬುಯೊ ಕಂಡಿದ್ದಳು.

“ಅದು ಮೊಮ್ಮಗ. ಇವಳು ತಂಗಿ” ಎಂದಳು.

“ತಂಗಿ ಎಷ್ಟು ದಿನ ಇರ್ತಾಳೆ? ಆಮೇಲೆ ಕಸದ ಜೊತೆ ಸುಟ್ಟುಹಾಕ್ತಾರೆ. ಇಲ್ಲಿದ್ರೆ ನಾನಾದ್ರೂ ನೋಡ್ಕೋತೀನಿ.”

“ನೀವೆಷ್ಟು ದಿನ ಇರ್ತೀರಿ? ಆಮೇಲೆ ಇದನ್ನೆಲ್ಲ ಸುಡೋಳು ಯಾರು, ನಾನೇ ತಾನೆ?”

ಅವನು ಎದ್ದು ಮಹಡಿ ಹತ್ತಿದ, ಅಷ್ಟೇ. ಮದುವೆಯಾದಾಗಿನಿಂದಲೂ ನೊಬುಯೊ ಅವನ ಬೆನ್ನಿಗೇ ಮಾತಾಡಿ ಮಾತಾಡಿ ಸುಸ್ತಾಗಿದ್ದಳು.

ಮರುದಿನ ಮಧ್ಯಾಹ್ನ ಅವಳು ಊಟಕ್ಕೆ ಕೂಗಲಿಲ್ಲ. ಎರಡು ತಟ್ಟೆ ಜೋಡಿಸಿಕೊಂಡು ತಾನೇ ಮಹಡಿ ಹತ್ತಿದಳು. ಒಂದನ್ನು ಗಂಡನ ಮುಂದಿಟ್ಟಳು. ಇನ್ನೊಂದನ್ನು ಗಾಜಿನ ಪೆಟ್ಟಿಗೆಯ ಮುಂದಿಟ್ಟು, ಗೋಪುರ ಮಾಡಿದ ಅನ್ನದಲ್ಲಿ ಉಣ್ಣುವ ಎರಡು ಕಡ್ಡಿಗಳನ್ನು ನೆಟ್ಟಗೆ ಚುಚ್ಚಿದಳು. ಹೆಣದ ತಲೆದೆಸೆಯಲ್ಲಿ ಇಡುವ ಅನ್ನ ಅದು. ಬದುಕಿರುವವರ ಮನೆಯಲ್ಲಿ ಮಗು ಆಟಕ್ಕೆ ಹಾಗೆ ಚುಚ್ಚಿದರೂ ಕೈಮೇಲೆ ಏಟು ಬೀಳುತ್ತದೆ.

ಕೆನ್ಸಾಕುವಿನ ಮುಖ ಬಿಳಿಚಿತು. “ಏನಿದು ಅಪಶಕುನ?”

“ಮನೇಲಿ ಇಟ್ಕೊಂಡಿದ್ದೀರಿ ಅಂದ್ಮೇಲೆ ಊಟ ಹಾಕ್ಬೇಕಲ್ಲ. ಹದಿನಾಲ್ಕು ವರ್ಷ ಉಪವಾಸ ಕೆಡವಿದ್ವಿ ಪಾಪ” ಎಂದು ಹೇಳಿ ಕೆಳಗಿಳಿದಳು.

ದಿನವೂ ಹಾಗೇ ಮಾಡಿದಳು. ಯೋನೆ ಕಂಡೂ ಕಾಣದಂತಿದ್ದಳು, ಆದರೆ ಎರಡನೆಯ ದಿನದಿಂದ ಆ ಅನ್ನದ ಪಕ್ಕದಲ್ಲಿಡಲೆಂದು ಒಂದು ಒಣ ಮೀನನ್ನು ತಾನೇ ಸುಟ್ಟುಕೊಟ್ಟಳು. ವಾರ ತುಂಬುವುದರೊಳಗೆ ಕೆನ್ಸಾಕು ತಾನಾಗಿಯೇ ಇಳಿದು ಬಂದು, ಒಲೆಯ ಬಳಿ ನಿಂತು, ಮಿಹೊಗೆ ಫೋನ್ ಮಾಡು, ಆ ಮುದುಕಿಗೆ ಹೇಳಲಿ, ಭಾನುವಾರ ಹೋಗೋಣ ಎಂದ. ಅವನ ದನಿ ಕೇಳಿ ನೊಬುಯೊಗೆ ಗೆದ್ದೆನೆಂಬ ಖುಷಿಯೇನೂ ಆಗಲಿಲ್ಲ. ಸದ್ಯ, ಮೆಟ್ಟಿಲು ಹತ್ತುವುದು ತಪ್ಪಿತು ಅನ್ನಿಸಿತು.

ಶನಿವಾರ ಕೆನ್ಸಾಕು ಒಳ್ಳೆಯದೊಂದು ಮರದ ಪೆಟ್ಟಿಗೆ ತರಲು ಪೇಟೆಗೆ ಹೋದ. ನೊಬುಯೊ ಪಟ್ಟಿಯನ್ನು ಕೆಳಗೆ ತಂದು ಹಜಾರದಲ್ಲಿ ಬಿಚ್ಚಿದಳು. ಯೋನೆ ಅದನ್ನು ನೋಡಿದ್ದು ಅದೇ ಮೊದಲು. ಹತ್ತಿರ ಸರಿದು, ಕೆಂಪು ಗಂಟುಗಳ ಸಾಲಿನ ಮೇಲೆ ಬೆರಳಾಡಿಸಿದಳು.

“ಇದನ್ನ ಹೀಗೇ ಕೊಡ್ತೀರಾ?” ಎಂದಳು.

ನೊಬುಯೊಗೂ ಅದೇ ಕೊರೆಯುತ್ತಿತ್ತು. ಪಕ್ಕದ ಮನೆಯ ಬಟ್ಟಲನ್ನು ವಾಪಸು ಮಾಡುವಾಗಲೂ ತಿಕ್ಕಿ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಣ್ಣನ್ನಾದರೂ ಹಾಕಿ ಕೊಡುವ ಮನೆ ಅದು. ಪರರ ಮಗನ ಬಟ್ಟೆಯನ್ನು ಬೆವರು, ಕೊಳೆ ಸಮೇತ ಮಡಿಸಿ ಹೇಗೆ ಕೊಡುವುದು? ಹದಿನಾಲ್ಕು ವರ್ಷ ಇಟ್ಟುಕೊಂಡು ಒಂದು ಸಲ ನೀರು ಕಾಣಿಸಲಿಲ್ಲ ಎಂದರೆ ಆ ಮನೆಯವರು ಏನೆಂದುಕೊಂಡಾರು?

“ನಾನು ಹುಲಿ ವರ್ಷದಲ್ಲಿ ಹುಟ್ಟಿದೋಳು” ಎಂದಳು ಯೋನೆ, ಇದ್ದಕ್ಕಿದ್ದಂತೆ. ಸೊಸೆಗೆ ಅದು ಗೊತ್ತಿತ್ತು, ಮುಂದಿನದು ಗೊತ್ತಿರಲಿಲ್ಲ. ಬೇರೆ ಹೆಂಗಸರು ಒಂದೇ ಗಂಟು ಹಾಕಬೇಕು, ಹನ್ನೆರಡು ವರ್ಷಕ್ಕೊಮ್ಮೆ ಬರುವ ಹುಲಿ ವರ್ಷದವಳು ಮಾತ್ರ ತನ್ನ ವಯಸ್ಸಿನಷ್ಟು ಹಾಕಬಹುದು. ಹುಲಿ ಎಷ್ಟು ದೂರ ಹೋದರೂ ಮರಳಿ ಬರುತ್ತದೆಂದು ಲೆಕ್ಕ. ಹದಿನೆಂಟರ ಯೋನೆಯನ್ನು ಹೆಂಗಸರ ಸಂಘದವರು ನದಿಯ ಸೇತುವೆಯ ಮೇಲೆ ಕೂರಿಸುತ್ತಿದ್ದರಂತೆ. ಎಲ್ಲೆಲ್ಲಿಂದಲೋ ತಾಯಂದಿರು ಬಟ್ಟೆ ಹಿಡಿದು ಅವಳ ಮುಂದೆ ಸಾಲುಗಟ್ಟುತ್ತಿದ್ದರಂತೆ. ಚಳಿಗೆ ಬೆರಳು ಒಡೆದರೂ ಎದ್ದು ಹೋಗುವಂತಿರಲಿಲ್ಲ.

“ಇದ್ರಲ್ಲಿ ನಂದೂ ಇದ್ಯೋ ಏನೋ, ಯಾರಿಗೆ ಗೊತ್ತು. ನಾನು ಗಂಟು ಹಾಕಿದೋರು ಒಬ್ರೂ ತಿರುಗಿ ಬಂದಿದ್ದು ನಾನಂತೂ ಕಾಣ್ಲಿಲ್ಲ ಕಣಮ್ಮ. ಪಟ್ಟಿ ಬಂದಿದೆ ಒಂದು. ಒಗೆದು ಕೊಡೋಣ. ಅಷ್ಟಾದ್ರೂ ಮಾಡೋಣ.”

ಇಬ್ಬರೂ ಬಚ್ಚಲಲ್ಲಿ ಕೂತರು. ಯೋನೆ ಉಗುರು ಬೆಚ್ಚಗಿನ ನೀರಿಗೆ ಸೋಪು ಕದಡಿ, ಕೂಸಿನ ಮೈ ತೊಳೆದ ಹಾಗೆ ಮೆಲ್ಲಗೆ ಹಿಸುಕಿದಳು. ನೊಬುಯೊ ನೀರು ಬದಲಿಸಿದಳು. ಕಂದು ಬಣ್ಣ ಬಿಟ್ಟುಕೊಂಡಿತು, ಅದರ ಹಿಂದೆಯೇ ದಾರದ ಕೆಂಪೂ ಬಿಟ್ಟುಕೊಂಡಿತು. ಗಾಬರಿಯಾಗಿ ಎತ್ತುವ ಹೊತ್ತಿಗೆ ಬಿಳಿ ಬಟ್ಟೆಗೆಲ್ಲ ತೆಳುಗೆಂಪು ಹತ್ತಿಬಿಟ್ಟಿತ್ತು. ಮೂಲೆಯ ಹೆಸರು ಮಾಸಲಾಗಿತ್ತು.

ಕೆನ್ಸಾಕು ಬಂದಾಗ ಪಟ್ಟಿ ಸೂರಿನ ಕೆಳಗೆ ಹಣ್ಣಿನ ಸರಗಳ ನಡುವೆ ಗಳುವಿನ ಮೇಲೆ ತೂಗುತ್ತಿತ್ತು. ಅವನು ಪೆಟ್ಟಿಗೆ ಹಿಡಿದುಕೊಂಡೇ ನಿಂತ.

“ಯಾರು ಒಗೆದದ್ದು?”

ಒಳಗೆ ಯೋನೆ ಬಾಯಿ ತೆರೆಯುವುದರೊಳಗೆ ನೊಬುಯೊ, “ನಾನೇ. ಕೊಳೆ ಇತ್ತು” ಎಂದಳು.

ಅವನು ಕೂಗಾಡುತ್ತಾನೆಂದು ಅವಳು ಕಾದಳು. ಅವನು ಕೂಗಾಡಲಿಲ್ಲ. ಜಗಲಿಯ ಅಂಚಿನಲ್ಲಿ ಕುಸಿದು ಕೂತು, ತನಗೆ ತಾನೇ ಹೇಳಿಕೊಂಡಂತೆ, “ಆ ಬೆವರು ಒಂದೇ ಕಣೇ ಅವನದು ಅಂತ ಉಳಿದಿದ್ದು” ಎಂದ. ನೊಬುಯೊಗೆ ಆಗ ತಾನೇನು ಮಾಡಿದೆನೆಂಬುದು ತಿಳಿಯಿತು. ರಾತ್ರಿ ಮೂವರೂ ಉಳಿದ ಸಾರು ಕುಡಿದು ಮಲಗಿದರು.

ಭಾನುವಾರ ಗಂಡ ಹೆಂಡತಿ ಓಗುಚಿಗೆ ಹೊರಟರು. ಆ ದಾರಿಯ ತಿರುವುಗಳೆಲ್ಲ ಕೆನ್ಸಾಕುವಿಗೆ ಬಾಯಿಪಾಠ, ಬಸ್ಸು ಓಡಿಸಿದ ದಾರಿಯೇ ಅದು. ನಿಲ್ದಾಣ ಬಂದಲ್ಲೆಲ್ಲ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ತೊಮಿ ಗೇಟಿನ ಬಳಿಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ, ಮೂಗು ಕೆಂಪಾಗಿತ್ತು. ಒಳಗೆ ಕರೆದು ಚಹಾ, ಉಪ್ಪಿನಲ್ಲಿ ನೆನೆಸಿದ ಸೊಪ್ಪು ಇಟ್ಟಳು. ಪೂಜೆಯ ಗೂಡಿನಲ್ಲಿ ತಾಯಿಯ ಫೋಟೋ, ಪಕ್ಕದಲ್ಲಿ ಸಮವಸ್ತ್ರದ ಹುಡುಗನ ಫೋಟೋ.

ಕೆನ್ಸಾಕು ಎರಡೂ ಕೈಯಲ್ಲಿ ಪೆಟ್ಟಿಗೆ ಮುಂದೆ ಸರಿಸಿದ. ತೊಮಿ ಪಟ್ಟಿಯನ್ನು ತೆಗೆದು, ಬಿಚ್ಚಿ ನೋಡುವ ಮೊದಲೇ ಮುಖಕ್ಕೆ ಒತ್ತಿಕೊಂಡಳು. ಹಾಗೇ ಇದ್ದಳು. ಆಮೇಲೆ ಕೆಳಗಿಳಿಸಿದಳು.

“ಸೋಪಿನ ವಾಸನೆ” ಎಂದಳು.

ನೊಬುಯೊ ಹಣೆ ಚಾಪೆಗೆ ತಾಗುವಂತೆ ಬಾಗಿದಳು. ಕೊಳಕಾಗಿ ಕೊಡಬಾರದೆಂದು ತಾನೇ ಒಗೆದೆ, ತಿಳಿಯದೆ ಮಾಡಿದೆ, ಕ್ಷಮಿಸಬೇಕು ಎಂದಳು.

“ಆ ಫೋಟೋದಲ್ಲಿರೋನು ಯಾರೋ ಸಿಪಾಯಿ. ನಮ್ಮಣ್ಣನ ಮುಖ ನಂಗೆ ಮರೆತೇ ಹೋಗಿದೆ. ವಾಸನೆ ನೋಡಿದ್ರೆ ನೆನಪಾಗ್ಬಹುದು ಅಂತಿದ್ದೆ” ಎಂದಳು ತೊಮಿ. ನೊಬುಯೊಳ ಕಪ್ಪಾದ ಬೆರಳುಗಳನ್ನು ನೋಡಿದಳು. ತೊಮಿಯ ಬೆರಳುಗಳೂ ಹಾಗೇ ಕಪ್ಪಾಗಿದ್ದವು. “ಏಳಿ, ಏಳಿ. ನಾನಾಗಿದ್ರೂ ಒಗೀತಿದ್ದೆ. ಹಾಗೇ ಕೊಡೋಕಾಗುತ್ತಾ?”

ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಗಂಟುಗಳನ್ನು ಸವರುತ್ತಾ ಅವಳು ಹೇಳಿದಳು. ಯುದ್ಧ ಮುಗಿದ ಮೇಲೆ ಅಣ್ಣನ ಅಸ್ಥಿ ಎಂದು ಬಿಳಿ ಪೆಟ್ಟಿಗೆಯೊಂದು ಬಂತಂತೆ. ಮೂಳೆ ಇರಬೇಕಾದಲ್ಲಿ ಒಂದು ಕಲ್ಲು. ಅದನ್ನು ಕಂಡು ತಾಯಿ, ಇದು ಕಲ್ಲು, ನನ್ನ ಮಗನಲ್ಲ ಎಂದಳಂತೆ. ಊರವರ ಬಾಯಿಗೆ ಹೆದರಿ ಮಣ್ಣು ಮಾಡಿದಳೇ ಹೊರತು ನಂಬಲಿಲ್ಲ. ತೊಂಬತ್ತೇಳಕ್ಕೆ ಸಾಯುವ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳಂತೆ.

“ಇದು ನಿಮ್ಮ ಕೈಗೆ ಯಾವಾಗ ಬಂತು?” ಎಂದು ಕೇಳಿದಳು.

ಕೆನ್ಸಾಕು ಸುಳ್ಳು ಹೇಳಬಹುದಿತ್ತು. ಅವನು ಹೇಳಲಿಲ್ಲ. “ಹದಿನಾಲ್ಕು ವರ್ಷವಾಯ್ತು.”

“ಅಮ್ಮ ಹೋಗಿ ಎಂಟು ವರ್ಷ.”

ಒಲೆಯ ಮೇಲಿನ ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ತೊಮಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು ಎಂದು ನೊಬುಯೊಗೆ ಅನ್ನಿಸಿತು.

“ಆಗೆಲ್ಲ ಕಣ್ಣು ತೋರಿಸೋಕೆ ಅಮ್ಮನ್ನ ಪೇಟೆಗೆ ಕರ್ಕೊಂಡು ಹೋಗ್ತಿದ್ದೆ” ಎಂದಳು ತೊಮಿ. “ಬಸ್ಸಲ್ಲಿ ಡ್ರೈವರ್ ಹಿಂದಿನ ಸೀಟೇ ಬೇಕು ಅವಳಿಗೆ. ಇಳಿಯೋವಾಗ ಪ್ರತಿ ಸಲ ಅವನನ್ನ ಒಂದೇ ಮಾತು ಕೇಳೋಳು. ನಂಗೆ ನಾಚಿಕೆ ಆಗೋದು.”

ಕೆನ್ಸಾಕು ತಲೆ ಎತ್ತಲಿಲ್ಲ. “ಕೊನೇ ಬಸ್ಸು ಓಗುಚಿವರೆಗೂ ಬರುತ್ತೆ ತಾನೆ ಅಂತ” ಎಂದ.

ತೊಮಿಯ ಕೈ ಗಂಟಿನ ಮೇಲೆ ನಿಂತಿತು. “ನೀವಾ?”

“ಬರುತ್ತಮ್ಮ, ಬರುತ್ತೆ ಅಂತಿದ್ದೆ. ಮಗನಿಗಾಗಿ ಕೇಳ್ತಿದ್ದಾರೆ ಅಂತ ಗೊತ್ತಾಗ್ಲಿಲ್ಲ, ವಯಸ್ಸಾಗಿ ಅರಳು ಮರಳು ಅಂದ್ಕೊಂಡಿದ್ದೆ.”

ಅಷ್ಟು ಹೇಳಿ ಅವನು ಎರಡೂ ಕೈಗಳನ್ನು ಮಂಡಿಯ ಮೇಲೆ ಒತ್ತಿ ಹಿಡಿದ. ನೊಬುಯೊ ಅವನ ಕಡೆ ನೋಡದೆ ಚಹಾದ ಬಟ್ಟಲು ನೋಡಿದಳು. ಎಷ್ಟೋ ಸಂಜೆ ಅವನು ಆ ಮುದುಕಿಯನ್ನು ಇಳಿಸಿ, ಬಸ್ಸು ನಿಲ್ಲಿಸಿ, ಮನೆಗೆ ಬಂದು, ತಾನು ಬಡಿಸಿದ್ದನ್ನು ಉಂಡು, ಮಹಡಿ ಹತ್ತಿ ಆ ಪಟ್ಟಿಯನ್ನು ನೋಡುತ್ತಾ ಕೂತಿದ್ದನಲ್ಲ ಎಂಬುದು ಅವಳ ತಲೆಯಿಂದ ಹೋಗಲಿಲ್ಲ.

ತೊಮಿ ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಪಟ್ಟಿಯನ್ನು ತಾಯಿಯ ಫೋಟೋದ ಮುಂದಿಟ್ಟು ಗಂಟೆ ಬಾರಿಸಿದಳು. ಹೊರಡುವಾಗ ಮರದ ಪೆಟ್ಟಿಗೆಯನ್ನು ವಾಪಸು ಕೊಟ್ಟಳು. ಅದೂ ನಿಮಗೇ ಎಂದರೆ ಕೇಳಲಿಲ್ಲ. “ಪೆಟ್ಟಿಗೆ ಒಂದು ಬಂದಿದೆ ನಮ್ಮನೆಗೆ. ಸಾಕು” ಎಂದಳು. ಆದರೆ ಖಾಲಿ ಕೊಡಲಿಲ್ಲ. ಸೂರಿನಿಂದ ತನ್ನ ಒಣಗಿದ ಕಾಕಿ ಹಣ್ಣುಗಳನ್ನು ಕಿತ್ತು ತುಂಬಿಸಿದ್ದಳು.

ಸಂಜೆ ಮಿಹೊ ಸುದ್ದಿ ಕೇಳಲು ಬಂದಳು. ನೊಬುಯೊ ಒಲೆಯ ಮುಂದೆ ನಿಂತೇ ಎಲ್ಲ ಹೇಳಿದಳು. ಯೋನೆ ಪೆಟ್ಟಿಗೆಯಿಂದ ಒಂದು ಹಣ್ಣು ತೆಗೆದು ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಚೀಪಿದಳು. “ಒಗೆದಿದ್ದು ಅತ್ತೆ ಅಂತ ಹೇಳ್ಬೇಕಿತ್ತು ನೀನು” ಎಂದು ಸೊಸೆಗೆ ಅಂದಳು. ನೊಬುಯೊ, ಹೇಳಿ ಏನಾಗ್ಬೇಕಿತ್ತು ಅತ್ತೆ ಎಂದು ಅನ್ನ ಬಡಿಸಿದಳು.

ಕೆನ್ಸಾಕು ಮಹಡಿಯಿಂದ ಇಳಿದು ಬಂದ. ಕೈಯಲ್ಲಿ ಮಡಿಸಿದ ಬಾವುಟ. ಮೇಜಿನ ಮೇಲೆ ಬಿಚ್ಚಿ, ಹೆಸರುಗಳ ನಡುವಿನ ಒಂದು ದೇವಸ್ಥಾನದ ಮುದ್ರೆ ತೋರಿಸಿದ. ಅವನ ಬಸ್ಸಿನ ದಾರಿಯಲ್ಲೇ, ಓಗುಚಿಗಿಂತ ಆಚೆ, ಒಂದು ನಿಲ್ದಾಣದ ಎದುರಿಗಿದ್ದ ದೇವಸ್ಥಾನ.

“ಮಿಹೊ, ನಿಮ್ಮ ಕೇಂದ್ರಕ್ಕೆ ಈ ಊರಿನ ಕಡೆಯೋರು ಯಾರಾದ್ರೂ ಬರ್ತಾರಾ, ಸ್ವಲ್ಪ ಕೇಳಿ ನೋಡ್ತೀಯಾ?”

“ಅವಳನ್ನ ಯಾಕ್ರೀ ಕೇಳ್ತೀರಿ” ಎಂದಳು ನೊಬುಯೊ. ಗದರುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. “ದಾರಿ ನಿಮಗೇ ಗೊತ್ತಲ್ಲ.”

ಕೆನ್ಸಾಕು ಬಾವುಟ ಮಡಿಸಿ ಪಕ್ಕಕ್ಕಿಟ್ಟು ಊಟಕ್ಕೆ ಕೂತ. ಅರ್ಧ ಬಟ್ಟಲು ಅನ್ನ ಮುಗಿಸಿದ.

“ಬೆಳಗ್ಗೆ ಎಷ್ಟು ಹೊತ್ತಿಗೆ ಎಬ್ಬಿಸ್ಲಿ?” ಎಂದು ನೊಬುಯೊಳೇ ಕೇಳಿದಳು.

“ಮೊದಲ ಬಸ್ಸಿನ ಹೊತ್ತಿಗೆ” ಎಂದ ಅವನು.